ಗುಡಾಣಕ್ಕೆ ಅಳತೆ

ಮಂಡಿಪೇಟೆಯ ಮಹಡಿ ಕೋಣೆ. ಕೆಳಗೆ
ಹುಣಸೆ ಮೂಟೆ ಇಳಿಸುವ ಸದ್ದು ನಿಂತು ಬಹಳ ಹೊತ್ತಾಯಿತು.
ತೆರೆಯ ಮೇಲೊಂದು ಗುಡಾಣ, ಬರೀ ಬೂದಿಬಣ್ಣ,
ತಾನು ಮಣ್ಣಿನದೆಂದು ಅದಕ್ಕಿನ್ನೂ ಗೊತ್ತಿಲ್ಲ.

ಕೋಟೆಯ ಆಟವೊಂದಕ್ಕೆ ಬೇಕಾದ ಸಾಮಾನು:
ಹೆಬ್ಬಾಗಿಲು ಒಂದು, ಕಂಬ ಆರು, ಒನಕೆ, ಮೊರ,
ಉಗ್ರಾಣದ ಮೂಲೆಗೆ ಈ ಗುಡಾಣ.
ಮಧುಗಿರಿಯ ಹತ್ತಿರ ಒಂದು ಮನೆಯಲ್ಲಿ
ಟೇಪು ಸುತ್ತಿ ಅಳೆದು ತಂದದ್ದು.
ಆ ಮನೆಯಾಕೆ ಕೇಳಿದ್ದರು,
"ಇದಕ್ಯಾಕಮ್ಮ ಅಳತೆ, ರವಿಕೆ ಹೊಲಿಸ್ತೀಯಾ?"

ಮೊದಲು ಹಸನು ಮಾಡಬೇಕು.
ಒಂದರ ಬೆನ್ನಿಗೊಂದು ಅಂಟಿ ಕೂತ ಬಿಂದುಗಳನ್ನು ಒಂದಾಗಿಸಿ,
ಒಳಗೆ ಮುಖ ಮಾಡಿದ್ದ ಹಾಳೆಗಳನ್ನು ಹೊರಕ್ಕೆ ತಿರುಗಿಸಿ,
ಎಳೆದೆಳೆದು ಹಿಗ್ಗಿಸಿದ್ದ ಮೈಗೆ
ಇದೇ ನಿನ್ನ ನಿಜವಾದ ಎತ್ತರ, ಒಪ್ಪಿಕೋ ಅಂದು,
ತಳ ಅಳಿಸಿದೆ. ನೆಲಕ್ಕೆ ಕೂತದ್ದರ ತಳ ಯಾರು ನೋಡುತ್ತಾರೆ.
ಒಳಗೋಡೆಯನ್ನೂ ಅಳಿಸಿದೆ.

ಆಮೇಲೆ ಸೀಮು.
ಎಲ್ಲಿ ಕತ್ತರಿಸಿದರೆ ಕಣ್ಣಿಗೆ ಬೀಳದೋ ಅಲ್ಲಿ ಕೆಂಪು ಗೆರೆ:
ಗೋಡೆಗೆ ಒರಗುವ ಬೆನ್ನಿನುದ್ದಕ್ಕೂ ಒಂದು,
ಕಂಠದ ಸುತ್ತ ಒಂದು.
ಬಿಚ್ಚಿಕೋ ಅಂದೆ. ಬಿಚ್ಚಿಕೊಂಡಿತು.
ಚೌಕಳಿ ಹಾಸಿ ನೋಡಿದರೆ
ಕಂಠದ ಬಳಿ ಚೌಕಗಳು ಸಾಸಿವೆ,
ಹೊಟ್ಟೆಯ ಮೇಲೆ ಚೌಕ ಹೋಗಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ.
ಮತ್ತೆ ಹೊಲಿದು ಮತ್ತೆ ಬಿಚ್ಚಿ,
ಮೂರು ಸಲ. ರಾತ್ರಿ ಹನ್ನೊಂದು.

ರಖಮತ್ತೆ ಮಜ್ಜಿಗೆ ಇಟ್ಟು ಹೋಗುವವಳು ನಿಂತಳು.
ನಲವತ್ತು ವರ್ಷ ಚಿಕ್ಕಪೇಟೆಯಲ್ಲಿ ರವಿಕೆ ಕತ್ತರಿಸಿದವಳು,
ಈಗ ಬಲಗಣ್ಣಿಗೆ ಪೊರೆ; ಸೂಜಿಗೆ ದಾರ ನಾನೇ ಪೋಣಿಸಬೇಕು.
ತೆರೆಗೆ ಮೂಗು ತಾಗುವಷ್ಟು ಬಾಗಿ,
"ಇದು ಕಟಿಂಗು ತಾನೆ?"
ಹೌದು ಅನ್ನುವಷ್ಟರಲ್ಲಿ
"ಬಟ್ಟೆ ಎಷ್ಟು?"
ಎರಡು ಸಾವಿರದ ನಲವತ್ತೆಂಟು ಚುಕ್ಕೆ ಅಗಲ, ಅಷ್ಟೇ ಉದ್ದ.
ಇದರಲ್ಲೇ ಮೊರ, ಒನಕೆ ಕೂಡ.
"ಅಯ್ಯ, ಅರ್ಧ ಪೋಲು ಮಾಡಿದೀಯಲ್ಲೇ.
ಒನಕೇನ ಓರೆಗೆ ಹಾಕಬೇಡ, ಅಂಚಿಗೆ ನೆಟ್ಟಗೆ ನಿಲ್ಸು.
ಮೊರದ ಪಕ್ಕ ಉಳೀತಲ್ಲ, ಆ ಚೂರಲ್ಲಿ ಕಂಠ.
ಉಬ್ಬಿದ ಕಡೆ ಟಕ್ಸು ಹಿಡೀದೆ ಚಪ್ಪಟೆ ಮಲಗು ಅಂದ್ರೆ
ಯಾವ ಹೊಟ್ಟೆ ಮಲಗ್ತದೆ?"

ಮೇಲಿಂದ ನಾಕು, ಕೆಳಗಿಂದ ನಾಕು ಹಿಡಿದೆ.
ಹೊಟ್ಟೆ ಮಲಗಿತು.

"ತುಂಡು ತುಂಡಿನ ನಡುವೆ ಬಿಟ್ಟಿದೀಯಾ?"
ಬಿಟ್ಟಿದ್ದೆ: ದೂರದಿಂದ ನೋಡಿದಾಗ
ಒಂದರ ಬಣ್ಣ ಇನ್ನೊಂದಕ್ಕೆ ಹರಿಯದಿರಲೆಂದು.
ಅವಳು ಬಿಡುತ್ತಿದ್ದುದು ಬೇರೆ ಕಾರಣಕ್ಕೆ.
ಮದುವೆಯಾಗಿ ವರ್ಷಕ್ಕೆ ಹುಡುಗಿಯರು
ಪಕ್ಕದ ಹೊಲಿಗೆ ಬಿಚ್ಚಿಸಿಕೊಳ್ಳಲು ಬಂದೇ ಬರುತ್ತಾರೆ,
ಆಗ ಇರಲಿ ಎಂದು ಯಾರಿಗೂ ಹೇಳದ ಒಂದೂವರೆ ಇಂಚು.

ತಿರುಗಿಸು ಅಂದಳು. ತಿರುಗಿಸಿದೆ.
ಬಾಯೊಳಗೆ ತೋರಿಸು ಅಂದಳು.
ಇಣುಕಿದರೆ ಗುಡಾಣವೇ ಇಲ್ಲ.
ಒಳಗಿನಿಂದ ಗೋಡೆಯಿಲ್ಲದ ಪಾತ್ರೆ,
ಬೂದು ಬಯಲು, ಅದರಾಚೆ ನನ್ನ ಆರು ಕಂಬ.

"ರಾಗಿ ಎಲ್ಲಿ ನಿಲ್ತದೆ?"

ಆಟದಲ್ಲಿ ಯಾರೂ ಒಳಗೆ ನೋಡಲ್ಲ ಅತ್ತೆ, ಭಾರ ಕಮ್ಮಿಯಾಗಲಿ ಅಂತ...
ಲೋಟವನ್ನು ನನ್ನ ಕಡೆ ಸರಿಸಿದಳು.
"ಲೈನಿಂಗು ಇಲ್ದೆ ನಾನೂ ಹೊಲ್ದಿದೀನಿ ಬಿಡು.
ಕೆಲವರು ಹಾಗೇ ಕೇಳ್ತಾರೆ."
ಗೋಡೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

ಒಳಗೋಡೆ ಮತ್ತೆ ಹಾಕಿದೆ. ತೊಂಬತ್ತಾರು ತ್ರಿಕೋನ ಹೆಚ್ಚು.
ಬೆಳಿಗ್ಗೆ ಪುಣೆಯಿಂದ ತೇಜಲ್ ಕೇಳುತ್ತಾಳೆ, ಇವು ಯಾಕೆ?
ಅವಕ್ಕೆ ಮೂಲೆಯಲ್ಲಿ ಉಳಿದಿದ್ದ ಚೂರು, ಕಾಜಾ ಪಟ್ಟಿಯಷ್ಟು.
ಬಣ್ಣ ಇನ್ನೂ ಬಳಿದಿಲ್ಲ.
ಮಣ್ಣೋ, ಮಸಿಯೋ, ರಾಗಿಯ ಧೂಳೋ,
ಆ ಮನೆಯಲ್ಲಿ
ನಾನೂ ಒಳಗೆ ಇಣುಕಿರಲಿಲ್ಲ.